ಮಕ್ಕಳು ಮೊದಲೇ ಕಲಿತು ಬಂದ ಪಾಠ

ಟೀಚರ್ ಆಗಬೇಕೆನ್ನುವುದು ನನ್ನ ಆಸೆಯಲ್ಲ, ಹಟ. ಹೊಳವನಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಎಮ್ಮೆಯನ್ನು ಎದುರಿಗೆ ನಿಲ್ಲಿಸಿಕೊಂಡು ಅದಕ್ಕೆ ಮಗ್ಗಿ ಹೇಳಿಕೊಟ್ಟವಳು ನಾನು. ಅದು ಕಲಿಯಲಿಲ್ಲ, ನಾನು ಬಿಡಲಿಲ್ಲ. ಡಿಗ್ರಿ ಮುಗಿಸಿ ಮಧುಗಿರಿಯಲ್ಲಿ ಬಿ.ಎಡ್. ಸೇರಿದಾಗ ಮನೆಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಪಾಠ ಮಾಡಿ ಕಲಿಯಲು ನಮ್ಮನ್ನು ಕಳಿಸಿದ್ದು ಆಂಧ್ರದ ಗಡಿಗಂಟಿದ ಪಾವಗಡ ತಾಲ್ಲೂಕಿಗೆ, ವೈ.ಎನ್.ಹೊಸಕೋಟೆ ಕಡೆಯ ಒಂದು ಪ್ರೌಢಶಾಲೆಗೆ. ಕೊನೆಯ ವಾರದಲ್ಲಿ ಪರೀಕ್ಷೆಯ ಪಾಠ. ಹೊರಗಿನಿಂದ ಬಂದ ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಅದರಲ್ಲಿ ಎಡವಿದರೆ ಟೀಚರ್ ಕೆಲಸದ ಮಾತೇ ಇಲ್ಲ. ಹಾಗಾಗಿ ನಮ್ಮವರಲ್ಲೊಂದು ಗುಟ್ಟಿನ ಪದ್ಧತಿ. ಹಿಂದಿನ ದಿನವೇ ಅದೇ ಮಕ್ಕಳಿಗೆ ಅದೇ ಪಾಠ ಮಾಡಿ, ಉತ್ತರಗಳನ್ನು ಬಾಯಿಪಾಠ ಮಾಡಿಸಿಬಿಡುವುದು. ನಾನು ಮಾಡಿಸಲಿಲ್ಲ. ನಾಳೆ ಕಡಲೆಕಾಯಿ ಗಿಡದ ಪಾಠ ಎಂದಷ್ಟೇ ಹೇಳಿ ಬಂದೆ.

"ಲೇ, ನಿಂಗೆ ಕೊಬ್ಬು ಕಣೇ. ಹೇಳ್ಕೊಟ್‌ಬುಟ್ರೆ ನಿನ್ ಗಂಟೇನ್ ಹೋಗ್ತದೆ?" ಅಂದಳು ಶಿರಾದ ಗೆಳತಿ.

"ಗಿಣಿಪಾಠ ಒಪ್ಸೋಕೆ ನಾನ್ಯಾಕ್ ಬೇಕು?" ಅಂದೆ. ಕೊಬ್ಬು ಇದ್ದದ್ದು ನಿಜ, ಈಗಲೂ ಸ್ವಲ್ಪ ಇದೆ.

ಮರುದಿನ ಎಂಟನೇ ತರಗತಿಯಲ್ಲಿ ಚಾರ್ಟ್ ತೂಗುಹಾಕಿ ಮೊದಲ ಪ್ರಶ್ನೆ ಕೇಳಿದೆ. ಪ್ರಶ್ನೆ ಮುಗಿಯುವ ಮೊದಲೇ ಇಡೀ ತರಗತಿ ಒಂದೇ ದನಿಯಲ್ಲಿ ಉತ್ತರ ಒಪ್ಪಿಸಿತು. ಅಷ್ಟಕ್ಕೇ ನಿಲ್ಲದೆ, ನಾನಿನ್ನೂ ಕೇಳದ ಎರಡನೇ ಪ್ರಶ್ನೆಗೂ ಉತ್ತರ ಹೇಳಿಬಿಟ್ಟಿತು! ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿದರು. ನನಗೆ ಮೈಯೆಲ್ಲ ಉರಿಯಿತು. ಮಾಡದ ತಪ್ಪಿಗೆ ಸಿಕ್ಕಿಬೀಳುತ್ತಿದ್ದೆ.

ಚಾರ್ಟ್ ಬಿಚ್ಚಿ ಸುತ್ತಿಟ್ಟೆ. "ಪುಸ್ತಕದ ಮಾತು ಸಾಕು. ಕಡಲೆಕಾಯಿ ಹೂ ಮೇಲೆ ಬಿಡುತ್ತೆ, ಕಾಯಿ ಮಣ್ಣೊಳಗಿರುತ್ತೆ. ಅಲ್ಲಿಗೆ ಹೆಂಗೆ ಹೋಯ್ತು? ನೀವೇ ಕಂಡಿದ್ದು ಹೇಳಿ. ತೆಲುಗಲ್ಲಾದ್ರೂ ಹೇಳಿ" ಅಂದೆ.

ಕಿಟಕಿ ಪಕ್ಕದ ಹುಡುಗಿ ಎದ್ದಳು. ಮನೆಯಲ್ಲಿ ತೆಲುಗು ಮಾತಾಡುವ ಅವಳು ನನ್ನ ಪಾಠದಲ್ಲಿ ಅಲ್ಲಿಯವರೆಗೆ ಬಾಯಿ ತೆರೆದವಳಲ್ಲ.

"ಪುವ್ವು ವಾಡಿಪೋಯಿನಂಕ ಊಡ ದಿಗ್ತಾದಿ ಮಿಸ್. ಮಟ್ಟಿಲೋಕಿ ಪೋಯಿ ಕಾಯ ಐತಾದಿ."

ಹೂ ಬಾಡಿದ ಮೇಲೆ ಒಂದು ಎಳೆ ಕೆಳಗಿಳಿದು, ಮಣ್ಣು ಹೊಕ್ಕು ಕಾಯಾಗುತ್ತದೆ ಎಂದು ಬೆರಳನ್ನು ಬೆಂಚಿನವರೆಗೆ ಇಳಿಸಿ ತೋರಿಸಿದಳು. ಸೀಮೆಸುಣ್ಣ ಕೊಟ್ಟು ಬೋರ್ಡಿನ ಮೇಲೆ ಬರೆಯಿಸಿದೆ. ಅವಳು ಬರೆದ ಎಳೆ ಗಿಡ್ಡವಾಯಿತೆಂದು ಒಬ್ಬ ತಗಾದೆ ತೆಗೆದ. ಇನ್ನೊಬ್ಬಳು ಮಳೆ ಹೋಗಿ ಮಣ್ಣು ಗಟ್ಟಿಯಾದರೆ ಅದು ಇಳಿಯುವುದೇ ಇಲ್ಲ ಅಂದಳು. ತೆಲುಗು, ಕನ್ನಡ ಎರಡರಲ್ಲೂ ಜಗಳ ಶುರುವಾಯಿತು. ಎಷ್ಟು ಖುಷಿಯಾಯಿತೆಂದರೆ, ಹಿಂದೆ ಒಬ್ಬರು ಕೂತಿದ್ದಾರೆಂಬುದೇ ಮರೆತುಹೋಯಿತು. ಬೆಲ್ ಹೊಡೆದಾಗ ನೋಡಿದರೆ ಪರೀಕ್ಷಕರು ಬರೆಯುತ್ತಲೇ ಇದ್ದರು.

ಹೋಗುವಾಗ ಬಾಗಿಲಲ್ಲಿ ನಿಂತು, "ಆ ಮೊದಲನೇ ಉತ್ತರ ನೀವು ಹೇಳಿಕೊಟ್ಟಿದ್ದಲ್ಲ ತಾನೇ?" ಅಂದರು.

"ಅಲ್ಲ ಸರ್."

"ಗೊತ್ತಾಯ್ತು ಬಿಡಿ. ಹೇಳಿಕೊಟ್ಟಿದ್ದರೆ ಚಾರ್ಟ್ ಸುತ್ತಿಡುತ್ತಿರಲಿಲ್ಲ" ಎಂದು ನಕ್ಕರು. ನಾನು ಪಾಸಾಗಿದ್ದೆ.

ಒಳಗೆ ಬಂದರೆ ಮಕ್ಕಳೆಲ್ಲ ಮುಖ ಊದಿಸಿಕೊಂಡಿದ್ದರು. "ಏನ್ ಮಿಸ್ ನೀವು! ಬೇರೆ ಮಿಸ್‌ಗಳೆಲ್ಲ ಹಿಂದಿನ್ ದಿನಾನೇ ಹೇಳ್ಕೊಡ್ತಾರೆ. ನೀವು ಮರ್ತ್‌ಬುಟ್ರಿ ಅಂತ ನಾವೇ ಗೈಡ್ ನೋಡ್ಕಂಡು ಕಲ್ತ್ವಿ. ಪೂರ್ತಿ ಹೇಳೋಕೆ ಬುಡ್ಲೇ ಇಲ್ಲ. ನೀವು ಫೇಲಾಗಿದ್ರೆ?" ಅಂದಳು ಮುಂದಿನ ಬೆಂಚಿನವಳು.

ಬೈಯಲೆಂದು ಬಾಯಿ ತೆರೆದವಳಿಗೆ ಕಣ್ಣು ತುಂಬಿ ಬಂತು. ನನ್ನನ್ನು ಪಾಸು ಮಾಡಿಸಲು ಇಡೀ ತರಗತಿ ಕೂತು ಓದಿತ್ತು. ಆ ಎಮ್ಮೆಯಿಂದ ನಾನು ತುಂಬಾ ದೂರ ಬಂದಿದ್ದೆ.

ಚಾರ್ಟ್ ಎತ್ತಿಕೊಂಡು ಹೊರಟಾಗ ಕಿಟಕಿ ಪಕ್ಕದ ಹುಡುಗಿ ಹಿಂದೆಯೇ ಬಂದಳು. ಈ ಸಲ ಕನ್ನಡದಲ್ಲೇ ಕೇಳಿದಳು: "ನಾಳೆ ಯಾವ್ ಪಾಠ ಮಿಸ್?"

"ಹೇಳಲ್ಲ" ಅಂದೆ.