ಮುನಿಯಮ್ಮನವರಿಗೆ ಜೂಡೋ ತೋರಿಸಲು ಕುಂದಲಹಳ್ಳಿಗೆ

ಆ ಭಾನುವಾರ ಬೆಳಿಗ್ಗೆ ಎದ್ದು ನಲ್ಲಿ ನೀರು ಹಿಡಿದೆ. ಸೀಮೆಎಣ್ಣೆ ಸ್ಟೌವಿನ ಬತ್ತಿ ಕತ್ತರಿಸಿ ಸಮ ಮಾಡಿದೆ. ಚಿತ್ರಾನ್ನಕ್ಕೆ ಮೆಣಸಿನಕಾಯಿ ಹೆಚ್ಚಿಕೊಟ್ಟೆ. ಕಂಕುಳಲ್ಲಿ ಹರಿದಿದ್ದ ಎರಡು ಜೂಡೋ ಕೋಟುಗಳಿಗೆ ಗೋಣಿ ದಾರದಲ್ಲಿ ಹೊಲಿಗೆ ಹಾಕಿದೆ. ಟಿಂಚರ್ ಸೀಸೆ, ಹತ್ತಿ, ಮಕ್ಕಳ ಉಗುರಿಗೆಂದು ಒಂದು ಕತ್ತರಿ ಚೀಲಕ್ಕೆ ಸೇರಿದವು. ನನ್ನ ಹೆಂಡತಿ ಶಾರದ ಬುತ್ತಿ ಕಟ್ಟುತ್ತಾ, "ಆ ಅಜ್ಜಿಗೂ ಸೇರಿಸಿ ಇಟ್ಟಿದ್ದೀನಿ ಕಣ್ರೀ, ಹಸಿದ್ರೆ ಇನ್ನೂ ಬೈತಾರೆ" ಎಂದಳು.

ಅಜ್ಜಿ ಎಂದರೆ ಬಾಗಲಗುಂಟೆಯ ಮುನಿಯಮ್ಮನವರು. ಅವರ ಮೊಮ್ಮಗಳು ರತ್ನ ನನ್ನ ಬಳಿ ಜೂಡೋ ಕಲಿಯುತ್ತಿದ್ದಳು. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸೈನ್ಯದಲ್ಲಿದ್ದಾಗ ಕಲಿತದ್ದನ್ನು ಸಂಜೆ ಹೊತ್ತು ಒಂದು ಖಾಲಿ ಶೆಡ್ಡಿನಲ್ಲಿ, ಹೊಟ್ಟು ಹರಡಿ ಮೇಲೆ ಟಾರ್ಪಾಲು ಬಿಗಿದು, ಅಕ್ಕಪಕ್ಕದ ಮಕ್ಕಳಿಗೆ ಹೇಳಿಕೊಡುತ್ತಿದ್ದೆ. ಕುಂದಲಹಳ್ಳಿಯ ಕಡೆ ಸೆಲ್ವರಾಜ್ ಎಂಬ ಗೆಳೆಯರೂ ಹೀಗೇ ಮಕ್ಕಳನ್ನು ತಯಾರು ಮಾಡುತ್ತಿದ್ದರು. ಎರಡೂ ಕಡೆಯವರು ಒಮ್ಮೆ ಸೇರಿ ಆಡೋಣ ಎಂದು ಮಾತಾಗಿತ್ತು.

ಬಸ್ ಸ್ಟಾಪಿನಲ್ಲಿ ಐದು ಮಕ್ಕಳು ನಿಂತಿದ್ದರು. ಮುನಿಯಮ್ಮನವರು ಎಲ್ಲರಿಗಿಂತ ಮೊದಲೇ ಬಂದು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಕಲ್ಲಿನ ಮೇಲೆ ಕೂತಿದ್ದರು.

"ಮೇಷ್ಟ್ರೇ, ಈಗ್ಲೇ ಯೋಳ್ಬಿಡ್ತೀನಿ. ಇವತ್ತು ಕಣ್ಣಾರೆ ನೋಡ್ತೀನಿ. ನಂಗೆ ಸರಿ ಕಾಣ್ನಿಲ್ಲ ಅಂದ್ರೆ ನಾಳೆಯಿಂದ ಇವ್ಳು ಮನೇಲೇ."

"ಆಗ್ಲಿ ಅಮ್ಮ, ನೀವು ನೋಡಿ" ಎಂದೆ. ರತ್ನ ಚಪ್ಪಲಿಯ ತುದಿ ನೋಡುತ್ತಾ ನಿಂತಿದ್ದಳು. ಆ ಮನೆಯಲ್ಲಿ ಅಜ್ಜಿ ಒಂದು ಸಲ ಬೇಡವೆಂದರೆ ಮತ್ತೆ ಕೇಳುವಂತಿರಲಿಲ್ಲ.

ಮೆಜೆಸ್ಟಿಕ್ಕಿನವರೆಗೆ ನಿಂತೇ ಹೋದೆವು. ಅಲ್ಲಿ ವೈಟ್‌ಫೀಲ್ಡ್ ಬಸ್ಸಿಗೆ ಮುಕ್ಕಾಲು ಗಂಟೆ ಕಾದ ಮೇಲೆ ಎಲ್ಲರಿಗೂ ಸೀಟು ಸಿಕ್ಕಿತು. ಜನವರಿಯ ಚಳಿ, ಕಿಟಕಿಯ ಶಟರ್ ಇಳಿಸಿದರೆ ಮಕ್ಕಳು ಎತ್ತುತ್ತಿದ್ದರು, ಎತ್ತಿದರೆ ಅಜ್ಜಿ ಇಳಿಸುತ್ತಿದ್ದರು. ವಿಮಾನ ನಿಲ್ದಾಣದ ಹತ್ತಿರ ಒಂದು ವಿಮಾನ ಬಸ್ಸಿನ ತಲೆಯ ಮೇಲೇ ಇಳಿದಂತಾಯಿತು. ಮುನಿಯಮ್ಮನವರು ಸೆರಗು ತಲೆಗೆಳೆದುಕೊಂಡು, "ಇದ್ಕೂ ಒಂದ್ ಜಾಗ ಬ್ಯಾಡ್ವಾ?" ಎಂದು ಕಂಡಕ್ಟರನ್ನೇ ಗದರಿಸಿದರು. "ನನ್ನ ಕೈಲಿಲ್ಲ ಅಜ್ಜಿ, ನಾನು ಟಿಕೆಟ್ ಮಾತ್ರ ಕೊಡೋದು" ಎಂದ ಅವನು. ಮಾರತಹಳ್ಳಿ ದಾಟಿದ ಮೇಲೆ ದ್ರಾಕ್ಷಿ ಚಪ್ಪರಗಳು, ಕೊಯ್ದ ರಾಗಿ ಹೊಲಗಳು, ನೀಲಗಿರಿ ತೋಪುಗಳು ಸರಿದವು. ಹೊಲದ ಮೆದೆಗಳನ್ನು ಕಂಡದ್ದೇ ಅಜ್ಜಿಯ ಮುಖ ಸ್ವಲ್ಪ ಸಡಿಲವಾಯಿತು. "ಮೆದೆ ಒಟ್ಟಕ್ ಬರಕಿಲ್ಲ ಇವ್ರಿಗೆ, ನೋಡು ಎಂಗ್ ವಾಲೈತೆ" ಎಂದರು.

ಸ್ಟಾಪಿನಿಂದ ಅರ್ಧ ಮೈಲಿ ನಡೆದೆವು. ಸೆಲ್ವರಾಜ್ ಗೇಟಿಗೇ ಬಂದು, "ಬನ್ನಿ ಸಾರ್, ಬಾಮ್ಮಾ, ಟೀ ಕುಡೀರಿ ಮೊದ್ಲು" ಎಂದು ಒಳಗೆ ಕರೆದರು. ಅವರದು ನಾರಿನ ಹಾಸಿಗೆಗಳನ್ನು ಒತ್ತಾಗಿ ಜೋಡಿಸಿ ಕ್ಯಾನ್ವಾಸ್ ಹೊದಿಸಿದ ಅಂಕಣ. ನಮ್ಮ ಮಕ್ಕಳು ಅದನ್ನು ಒತ್ತಿ ಒತ್ತಿ ನೋಡಿದರು.

ರತ್ನಳ ಎದುರಾಳಿ ಮೇರಿ, ಅವಳಿಗಿಂತ ನಾಲ್ಕು ಬೆರಳು ಎತ್ತರ. ಇಬ್ಬರೂ ಎರಡು ಸಲ ಆಡಬೇಕಿತ್ತು. ರತ್ನಳ ಕೈಗೆ ಒಂದು ಒಳ್ಳೆಯ ಪಟ್ಟು ಹತ್ತಿತ್ತು: ಎದುರಾಳಿಯ ಕೋಟು ಹಿಡಿದು ಎಳೆಯುತ್ತಾ, ಅವಳು ಹೆಜ್ಜೆ ಊರುವ ಗಳಿಗೆಗೆ ಸರಿಯಾಗಿ ಆ ಕಾಲನ್ನು ತನ್ನ ಪಾದದಿಂದ ಗುಡಿಸಿಬಿಡುವುದು. ಕಷ್ಟವೆಂದರೆ, ಯಾರಿಗಾದರೂ ಕಾಲು ತಗುಲಿದರೆ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ಹುಟ್ಟಿನಿಂದ ಬಂದ ರೂಢಿ. ಹೊಸದಾಗಿ ಬಂದ ಮಕ್ಕಳೆಲ್ಲ ಹೀಗೇ ಮಾಡುತ್ತಾರೆ, ಒಂದು ತಿಂಗಳಲ್ಲಿ ಬಿಡುತ್ತಾರೆ. ರತ್ನ ಮಾತ್ರ ಬಿಟ್ಟಿರಲಿಲ್ಲ. "ಕೈ ಬಿಡ್ಬೇಡ್ವೇ" ಎಂದು ನಾನು ಹೇಳಿ ಹೇಳಿ ಸೋತಿದ್ದೆ.

ಅಂದೂ ಅದೇ ಆಯಿತು. ರತ್ನ ಗುಡಿಸಿದಳು, ಮೇರಿ ತತ್ತರಿಸಿದಳು. ಅಷ್ಟರಲ್ಲಿ ರತ್ನಳ ಬಲಗೈ ಕೋಟು ಬಿಟ್ಟು, ಮೇರಿಯ ತೋಳು ಸವರಿ ಕಣ್ಣಿಗೆ ಹೋಯಿತು. ಮೇರಿ ಸುಧಾರಿಸಿಕೊಂಡು, ಅವಳನ್ನು ಸೊಂಟದ ಮೇಲೆ ಎತ್ತಿ ಬೆನ್ನು ಬಡಿಯುವಂತೆ ಕೆಡವಿದಳು. ಆಟ ಮುಗಿಯಿತು.

ಧಡ್ ಎಂದ ಸದ್ದಿಗೆ ಮುನಿಯಮ್ಮನವರು ಬೆಂಚಿನಿಂದ ಎದ್ದೇಬಿಟ್ಟರು. ಇನ್ನು ಮೊಮ್ಮಗಳ ಕೈ ಹಿಡಿದು ಹೊರಟೇ ಹೋಗುತ್ತಾರೆ ಎಂದುಕೊಂಡೆ. ಅವರು ಅವಳ ಬೆನ್ನು ತಡವಿ, "ನೋವಾಯ್ತಾ?" ಎಂದರು.

"ಇಲ್ಲ ಅಜ್ಜಿ. ಬೀಳೋದೇ ಮೊದ್ಲು ಕಲ್ಸೋದು."

"ಆ ಹುಡ್ಗಿ ಬೀಳೋ ಅಂಗಿದ್ಲಲ್ಲ, ಯಾಕ್ ಬುಟ್ಟೆ ಕೈನ?"

"ಕಾಲು ತಗುಲ್ತಲ್ಲ. ಮುಟ್ಟಿ ಕಣ್ಗೊತ್ಕೋ ಅಂತ ನೀನೇ ಯೋಳ್ಕೊಟ್ಟಿದ್ದು."

ಮುನಿಯಮ್ಮನವರು ನನ್ನ ಮುಖ ನೋಡಿದರು. ನಾನು ಟಿಂಚರ್ ಸೀಸೆಯ ಮುಚ್ಚಳ ತಿರುಗಿಸುತ್ತಾ ಕೂತೆ. ಅವರು ಎಲೆಗೆ ಸುಣ್ಣ ಸವರಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ.

ಎರಡನೆಯ ಸಲ ಇಬ್ಬರೂ ಬಗ್ಗಿ ನಮಸ್ಕರಿಸಿ ಕೋಟು ಹಿಡಿದರು. ಮೇರಿ ಎಳೆದಾಡಿದಳು, ರತ್ನ ಸುತ್ತಿದಳು. ಎರಡು ಸಲ ಅಂಚಿಗೆ ಬಂದು ಮತ್ತೆ ನಡುವಿಗೆ ಹೋದರು. ಆಮೇಲೆ ಮೇರಿಯ ಎಡಗಾಲು ನೆಲ ಮುಟ್ಟುವ ಮುನ್ನ ರತ್ನಳ ಪಾದ ಅದಕ್ಕೆ ತಾಗಿತು. ಅವಳ ಬೆರಳು ಸಡಿಲವಾಗುವುದು ನನಗೆ ಕಂಡಿತು.

"ಬುಡ್ಬ್ಯಾಡ್ವೇ!" ಬೆಂಚಿನ ಕಡೆಯಿಂದ ಕೂಗು ಎದ್ದಿತು. "ಆಮೇಲ್ ಕಣ್ಗೊತ್ಕೊಳ್ಳೇ! ಮೊದ್ಲು ಕೆಡುವು!"

ರತ್ನಳ ಬೆರಳು ಬಿಗಿಯಿತು. ಮೇರಿ ಅಂಗಾತ ಬಿದ್ದಳು. ತೀರ್ಪು ಹೇಳಬೇಕಾದ ಸೆಲ್ವರಾಜ್ ಕೈ ಎತ್ತಿಕೊಂಡೇ ನಗುತ್ತಿದ್ದರು. ರತ್ನ ಮಂಡಿಯೂರಿ, ಮೇರಿಯ ಕಾಲು ಮುಟ್ಟಿ ಎರಡೂ ಕಣ್ಣಿಗೊತ್ತಿಕೊಂಡಳು. "ಏಯ್, ನಂಗೇನೂ ಆಗಿಲ್ಲ ಕಣೇ" ಎಂದಳು ಮೇರಿ.

ಚಿತ್ರಾನ್ನ ಎರಡೂ ಕಡೆಯ ಮಕ್ಕಳಿಗೆ ಹಂಚಿಹೋಯಿತು. ನಾಲ್ಕು ಗಂಟೆಗೆ ಬಸ್ ಹತ್ತುವಾಗ ಸೆಲ್ವರಾಜ್ ಬೇಯಿಸಿದ ಕಡಲೆಕಾಯಿಯ ದೊಡ್ಡ ಪೊಟ್ಟಣ ಕೊಟ್ಟರು. ದೊಮ್ಮಲೂರು ಬರುವವರೆಗೆ ಮುನಿಯಮ್ಮನವರು ಸಿಪ್ಪೆ ಸುಲಿದು ಮಕ್ಕಳ ಕೈಗೆ ಹಾಕುತ್ತಲೇ ಇದ್ದರು. ಜೂಡೋ ವಿಷಯ ಎತ್ತಲೇ ಇಲ್ಲ. ರತ್ನ ನನ್ನನ್ನು ನೋಡುವಳು, ನಾನು ಕಿಟಕಿ ನೋಡುವೆ.

"ಮೇಷ್ಟ್ರೇ," ಎಂದರು ಕೊನೆಗೆ, "ಬುಧವಾರ ಐತಾ ನಿಮ್ದು?"

"ಇದೆ ಅಮ್ಮ, ಸಂಜೆ ಐದಕ್ಕೆ."

"ಆ ವತ್ನಲ್ಲಿ ಎಮ್ಮೆ ಕರೆಯೋದು ಇವ್ಳ ಕೆಲ್ಸ. ಓಗ್ಲಿ, ಆಲು ನಾನೇ ಕರ್ಕೊಂತೀನಿ."

"ದಿನಾನಾ ಅಜ್ಜಿ?" ಎಂದಳು ರತ್ನ. ಮಡಿಲ ತುಂಬ ಕಡಲೆಕಾಯಿ ಸಿಪ್ಪೆ ಇಟ್ಟುಕೊಂಡು, ನಮ್ಮೆಲ್ಲರಿಗಿಂತ ಮೊದಲು ಮುನಿಯಮ್ಮನವರೇ ನಿದ್ದೆಹೋಗಿದ್ದರು.