ಬಾಗಿಲಲ್ಲಿ ತಿರುಗಿ ನೋಡಿದವರು

ಗಲ್ಫಿನ ಅಲ್ ಖೌದಿನಲ್ಲಿರುವ ನಮ್ಮ ಫ್ಲಾಟಿನಲ್ಲಿ ಈಚೆಗೆ ಬೆಳಿಗ್ಗೆ ಎದ್ದರೆ ಸೆಂಟಿನ ವಾಸನೆ. ಮಗನದು. ರುಸೈಲಿನ ಕಾರ್ಖಾನೆಯ ಆಫೀಸಿಗೆ ವರ್ಷಗಟ್ಟಲೆ ಸುಕ್ಕು ಶರ್ಟಿನಲ್ಲೇ ಓಡಿದವನು ಈಗ ಇಸ್ತ್ರಿ ಮಾಡಿಕೊಂಡು, ಘಮಘಮಿಸುತ್ತ ಹೊರಡುತ್ತಾನೆ. ಎಣ್ಣೆ ಬೆಲೆ ಮತ್ತೆ ನೆಲಕಚ್ಚಿದೆ, ಇವನಿಗೇನು ದಿಬ್ಬಣದ ಸಡಗರ ಎಂದು ಗೊಣಗಿಕೊಂಡಿದ್ದೆ. ನಿನ್ನೆ ಬಾಗಿಲಲ್ಲಿ ನಿಂತು ಒಮ್ಮೆ ನನ್ನತ್ತ ತಿರುಗಿ ನೋಡಿದ. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ಪೇಪರು ಹಿಡಿದರೆ ಒಂದಕ್ಷರ ಓದಲಾಗಲಿಲ್ಲ. ಆ ನೋಟ ನನಗೆ ಗೊತ್ತು. ಅದನ್ನು ನನ್ನಲ್ಲೇ ಹಿಡಿದು ತೋರಿಸಿದವರು ನನ್ನ ಹೆಂಡತಿಯ ಅಜ್ಜಿ.

ಅಜ್ಜಿ ಮೂಕಿ ಚಿತ್ರಗಳ ನಟಿಯಾಗಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ; ನಾನೂ ನಂಬಿರಲಿಲ್ಲ. ಹೆಣ್ಣಿನ ಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ, ಹದಿನಾರರ ಹುಡುಗಿ, ಮೈಸೂರಿನಿಂದ ಬೊಂಬಾಯಿಗೆ ಹೋಗಿ ಸುಡುಬಿಸಿಲಲ್ಲಿ ಕ್ಯಾಮೆರಾದ ಮುಂದೆ ನಿಂತರು. ನೆಂಟರು ಅವರ ಮನೆಯ ನೀರು ಮುಟ್ಟುವುದನ್ನೇ ಬಿಟ್ಟರಂತೆ. ಮಾಡಿದ್ದು ಆರು ಚಿತ್ರ. ಒಂದೂ ಉಳಿದಿಲ್ಲ; ರೀಲುಗಳನ್ನು ಬಳೆ ಮಾಡುವವರಿಗೆ ಮಾರಿಬಿಟ್ಟರಂತೆ. "ನಾನು ಯಾವೂರ ಹೆಂಗಸಿನ ಕೈಯಲ್ಲಿ ಬಳೆಯಾಗಿ ಒಡೆದುಹೋದ್ನೋ ಏನೋ" ಎಂದು ನಗುತ್ತಿದ್ದರು.

ಎಂಬತ್ತರ ದಶಕದಲ್ಲಿ ಎಣ್ಣೆ ಬೆಲೆ ಬಿದ್ದಾಗ ನಾವು ಇಲ್ಲೇ ಬಂದರಿನ ಹತ್ತಿರ, ಮತ್ರಾದ ಗಲ್ಲಿಯೊಂದರಲ್ಲಿದ್ದೆವು. ಇದೇ ಮಗ ಹುಟ್ಟಿದ್ದ, ಬಾಣಂತನಕ್ಕೆಂದು ಅಜ್ಜಿ ಬಂದಿದ್ದರು. ಆಗಲೇ ನಮ್ಮ ಮ್ಯಾನೇಜರು ಕರೆದು "ಖಲಾಸ್" ಎಂದ, ಕೆಲಸ ಹೋಯಿತು. ಹಸಿ ಬಾಣಂತಿಗೆ ಹೇಗೆ ಹೇಳುವುದು? ದಿನಾ ಇಸ್ತ್ರಿ ಶರ್ಟು ತೊಟ್ಟು, ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದೆ. ಸಂಜೆವರೆಗೆ ಸಮುದ್ರದ ದಂಡೆಯಲ್ಲಿ ಎದ್ದು ಕೂತು, ಕೂತು ಎದ್ದು, ದಣಿದ ಮುಖ ಮಾಡಿಕೊಂಡು ಬರುತ್ತಿದ್ದೆ. ನನ್ನ ನಟನೆಯ ಬಗ್ಗೆ ನನಗೇ ಹೆಮ್ಮೆ. ಅಜ್ಜಿಗೆ ಕೆಮ್ಮು ಕಲಿಸಲು ಹೊರಟಿದ್ದೆ, ನೋಡಿ!

ಹದಿನೈದನೇ ದಿನ ಅಜ್ಜಿ ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದರು.

"ಕೆಲ್ಸಕ್ಕೆ ಹೋಗೋರು ಬಾಗಿಲಲ್ಲಿ ತಿರುಗಿ ನೋಡಲ್ಲ, ಅಳಿಯಂದ್ರೇ. ನೀವು ದಿನಾ ನೋಡ್ತೀರಿ."

ನಾನು ಊಟದ ಡಬ್ಬಿಯನ್ನು ಕೈಯಿಂದ ಕೈಗೆ ಬದಲಿಸಿದೆ.

"ನಮಗೆ ಮಾತಿರಲಿಲ್ವಲ್ಲ, ಕತ್ತು ಬೆನ್ನಲ್ಲೇ ಎಲ್ಲಾ ಹೇಳ್ಬೇಕಿತ್ತು. ಆಮೇಲೆ ಟಾಕಿ ಬಂತು, ಹಿಂದಿ ಬರೋರು ಬೇಕು ಅಂದ್ರು. ನನ್ನ ಕರೆಯೋದೇ ಬಿಟ್ರು. ನಾನೂ ಒಂದು ತಿಂಗಳು ಮುಖಕ್ಕೆ ಬಣ್ಣ ಹಚ್ಕೊಂಡು ಹೋಗಿ, ದೇವಸ್ಥಾನದ ಕಟ್ಟೇಲಿ ಕೂತು ಬರ್ತಿದ್ದೆ. ಅಮ್ಮ ದಿನಾ ದೃಷ್ಟಿ ತೆಗೀತಿದ್ಲು. ನಾನು ನಿಜ ಹೇಳೋ ಮೊದಲೇ ಹೋಗ್ಬಿಟ್ಲು."

ಅಜ್ಜಿ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು.

"ಹೇಳ್ಬಿಡಿ. ನನ್ನ ಮೊಮ್ಮಗಳು ಅಳ್ತಾಳೆ, ಬೈತಾಳೆ, ಆಮೇಲೆ ಅನ್ನ ಬಡಿಸ್ತಾಳೆ."

ಅದೇ ಕ್ರಮದಲ್ಲಿ ನಡೆಯಿತು. ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಳ್ಳುವ ಬೇರೆ ಕಫೀಲ್ ಸಿಗಲು ಮೂರು ತಿಂಗಳು ಹಿಡಿಯಿತು, ಆದರೆ ರಾತ್ರಿ ನಿದ್ದೆ ಬರುತ್ತಿತ್ತು.

ಇವತ್ತು ಬೆಳಿಗ್ಗೆ ಮಗ ಮತ್ತೆ ಬಾಗಿಲಲ್ಲಿ ತಿರುಗಿದ. ನಾನು ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದೆ.

"ನಡಿ, ನಾನೂ ಬರ್ತೀನಿ."

"ಟು ದ ಆಫೀಸ್? ವೈ ಅಪ್ಪಾ?"

"ಆಫೀಸಿಗಲ್ಲ. ದಿನಾ ಎಲ್ಲಿ ಹೋಗಿ ಕೂರ್ತೀಯೋ ಅಲ್ಲಿಗೆ."

ಅವನು ನನ್ನ ಮುಖ ನೋಡಿದ. ನಿಧಾನವಾಗಿ ಶೂ ಬಿಚ್ಚಿ, ಹೊಸ್ತಿಲ ಪಕ್ಕದಲ್ಲೇ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತೆ.

"ಯಾಕೋ, ಇನ್ನೂ ಹೊರಟಿಲ್ವಾ?" ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ.

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವನು ಕನ್ನಡದಲ್ಲಿ ಕರೆದ: "ಅಮ್ಮಾ, ಸ್ವಲ್ಪ ಬಾ ಇಲ್ಲಿ. ಒಂದು ವಿಷಯ ಹೇಳ್ಬೇಕು."