ಮೂಗಕ್ಕ ಬರೆದ ‘ವಾಸನೆ ಇಲ್ಲ’

ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಮೂಗಕ್ಕ ಎಂದೇ. ಹೊಸದಾಗಿ ಸೇರಿದವರು ಮಾತು ಬಾರದವಳೇನೋ ಎಂದುಕೊಂಡು ಮೊದಲ ದಿನ ಕೈಸನ್ನೆ ಮಾಡುವುದುಂಟು. “ಬಾಯಿ ಇದೆಯಪ್ಪಾ, ಬಾಯಿಬಿಟ್ಟೇ ಕೇಳು” ಎಂದು ಅವಳು ಗದರಿದ ಮೇಲೆ, ಆ ಹೆಸರು ಮೂಗಿನಿಂದ ಬಂದದ್ದು ಎಂದು ಗೊತ್ತಾಗುತ್ತದೆ.

ಹತ್ತೊಂಬತ್ತು ವರ್ಷದ ಕೆಲಸ. ಬಾರ್ಲಿಯ ತೇವ ನೋಡುವುದು, ನೂರು ಕಾಳನ್ನು ಒದ್ದೆ ಕಾಗದದ ಮೇಲಿಟ್ಟು ಎಷ್ಟು ಮೊಳೆತವೆಂದು ಎಣಿಸುವುದು, ಬಿಯರಿನ ಕಹಿ ಅಳೆಯುವುದು, ಇವಕ್ಕೆಲ್ಲ ಯಂತ್ರವೋ ಕಣ್ಣೋ ಸಾಕು. ಮೂಗು ಬೇಕಾಗುವುದು ಒಂದಕ್ಕೆ. ಹುದುಗುವಿಕೆ ಮುಗಿಯುತ್ತ ಬಂದ ಟ್ಯಾಂಕಿನಿಂದ ಎರಡು ಸೀಸೆ ತುಂಬಿಸಿ, ಒಂದನ್ನು ಬಿಸಿನೀರಿನಲ್ಲಿ ಇಟ್ಟು ಆರಿಸಿ, ಎರಡನ್ನೂ ಮೂಸಬೇಕು. ಬಿಸಿ ಕಂಡ ಸೀಸೆಯಲ್ಲಿ ಬೆಣ್ಣೆ ವಾಸನೆ ಬಂದರೆ ಯೀಸ್ಟಿನ ಕೆಲಸ ಇನ್ನೂ ಬಾಕಿ, ಟ್ಯಾಂಕ್ ಕಾಯಬೇಕು. ಬರದಿದ್ದರೆ ಪುಸ್ತಕದಲ್ಲಿ ‘ವಾಸನೆ ಇಲ್ಲ’ ಎಂದು ಬರೆದು ಸಹಿ ಮಾಡಿ, ಟ್ಯಾಂಕ್ ಬಿಡಲು ಒಂದು ಚೀಟಿ ಕೊಡಬೇಕು. ಆ ಎರಡು ಪದದ ಮೇಲೆ ಇಪ್ಪತ್ತು ಸಾವಿರ ಲೀಟರ್ ಮುಂದಕ್ಕೆ ಹೋಗುತ್ತದೆ.

ಕುಡಿಯುವ ಅಭ್ಯಾಸ ಅವಳಿಗಿಲ್ಲ. ಮನೆಗೆ ಬಂದವರೆದುರು ಅತ್ತೆ ಸೊಸೆಯ ಕೆಲಸ ವಿವರಿಸುವುದು ಹೀಗೆ: “ಕುಡಿಯೋದಿಲ್ಲ ಕಣ್ರೀ, ಬರೀ ಮೂಸ್ತಾಳೆ. ಅದಕ್ಕೂ ಸಂಬಳ ಕೊಡ್ತಾರೆ!”

ಈಚೆಗೆ ನೆಗಡಿ ಹಿಡಿದು ಒಂದು ವಾರ ರಜೆ ಹಾಕಿದ್ದಳು. ನೆಗಡಿ ಬಿಟ್ಟ ಮೇಲೆ, ಭಾನುವಾರ ಬೆಳಿಗ್ಗೆ ಒಲೆಯ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದಾಗ ಅತ್ತೆ ಹಜಾರದಿಂದ ಎದ್ದು ಬಂದರು.

“ಹಾಲು ತಳ ಹಿಡೀತಿದೆ, ಗೊತ್ತಾಗ್ಲಿಲ್ವೇನೇ? ಎಲ್ಲಿ ಬಿಟ್ಟು ಬಂದೆ ಆ ಮೂಗನ್ನ, ಕಾರ್ಖಾನೆಯಲ್ಲಾ?”

ಅವಳು ನಕ್ಕು ಒಲೆ ಆರಿಸಿದಳು. ಅತ್ತೆ ಆಚೆ ಹೋದ ಮೇಲೆ ಕಾಫಿಪುಡಿಯ ಡಬ್ಬ ಮೂಸಿದಳು. ಸೋಪು ಮೂಸಿದಳು. ಕೊನೆಗೆ ಫಿನಾಯಿಲ್. ಏನೂ ಇಲ್ಲ. ಗಂಡನಿಗೂ ಹೇಳಲಿಲ್ಲ. ಹೊಸಬರು ತಪ್ಪು ತಿಳಿಯುವ ಅರ್ಥದಲ್ಲಿ ಆ ದಿನ ಅವಳು ಮೂಗಿಯೇ ಆದಳು. ಮೂಗು ಕೆಲಸ ಮಾಡದ ಮೇಲೆ ಆ ಕುರ್ಚಿಯಲ್ಲಿ ತನ್ನನ್ನು ಎಷ್ಟು ದಿನ ಕೂರಿಸಿಯಾರು ಎಂಬುದೊಂದೇ ತಲೆ ಕೊರೆಯುತ್ತಿತ್ತು.

ಸೋಮವಾರ ಏಳನೇ ಟ್ಯಾಂಕಿನ ಸರದಿ. ಎರಡು ಸೀಸೆಯೂ ನಲ್ಲಿನೀರಿನ ಹಾಗಿದ್ದವು. ‘ವಾಸನೆ ಇಲ್ಲ’ ಎಂದು ಬರೆದಳು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಟ್ಯಾಂಕುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ. “ಏನಕ್ಕಾ, ಚೀಟಿ ಕೊಡ್ತೀರೋ, ಇಲ್ಲಾ ನಾನೂ ಇಲ್ಲೇ ನಿಂತು ಹುಳಿಯಾಗ್ಲೋ?”

ಚೀಟಿ ಕೊಟ್ಟಳು. ಅವನು ಮೆಟ್ಟಿಲ ತನಕ ಹೋಗಿದ್ದ.

“ರೀ ಮೇಸ್ತ್ರಿ, ವಾಪಸ್ ಬನ್ನಿ. ಇದನ್ನ ಮೂಸಿ.”

“ನಾನಾ? ನನ್ನ ಮೂಗಿಗೆ ಯಾವ ಕಾಲೇಜು ಸರ್ಟಿಫಿಕೇಟ್ ಕೊಟ್ಟಿದೆ?”

“ಸುಮ್ನೆ ಮೂಸ್ರೀ.”

ಅವನು ಮೂಸಿದ. ಮತ್ತೊಮ್ಮೆ ಮೂಸಿದ. “ಬೆಣ್ಣೆ ಕಾಯಿಸ್ದಂಗಿದೆಯಲ್ಲಕ್ಕಾ! ನೀವು ಇಲ್ಲ ಅಂತ ಬರ್ದಿದೀರಿ?”

“ವಾಸನೆ ಇಲ್ದೇ ಇರೋದು ನನಗೆ. ಬಿಯರಿಗಲ್ಲ.” ಅವನ ಕೈಯಿಂದ ಚೀಟಿ ತೆಗೆದುಕೊಂಡು ಹರಿದಳು, ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕಿ ‘ಬೆಣ್ಣೆ’ ಎಂದು ಬರೆದಳು. “ನೆಗಡಿ ಜೊತೆ ಮೂಗೂ ಹೋಗಿದೆ. ಮ್ಯಾನೇಜರಿಗೆ ನಾನೇ ಹೇಳ್ತೀನಿ.”

ಟ್ಯಾಂಕ್ ಮೂರು ದಿನ ಕಾಯಿತು. ಮ್ಯಾನೇಜರ್ ಮೂಸುವ ಕೆಲಸವನ್ನು ಅವಳಿಂದ ತೆಗೆದು ಬೇರೆ ಇಬ್ಬರಿಗೆ ಹಂಚಿದರು. ಮಿಕ್ಕ ಪರೀಕ್ಷೆಗಳು ಅವಳಲ್ಲೇ ಉಳಿದವು. ಮೂಗು ತಿಂಗಳಲ್ಲಿ ಮರಳಬಹುದು, ಮರಳದೆಯೂ ಇರಬಹುದು ಎಂದು ವೈದ್ಯರು ಹೇಳಿದ್ದಾರೆ. ದಿನಾ ಬೆಳಿಗ್ಗೆ ಅವಳು ಕಾಫಿಪುಡಿಯ ಡಬ್ಬದ ಮುಚ್ಚಳ ತೆಗೆದು ನೋಡುತ್ತಾಳೆ.

ಪುಸ್ತಕದಲ್ಲಿ ಈಗ ಅವಳೇ ಸ್ಕೇಲಿಟ್ಟು ಎಳೆದ ಹೊಸ ಕಾಲಂ ಒಂದಿದೆ: ‘ಮೂಗು ಯಾರದು’. ಏಳನೇ ಟ್ಯಾಂಕಿನ ಸಾಲಿನಲ್ಲಿ ಅದರ ಕೆಳಗೆ ಬರೆದಿರುವುದು, ಮೇಸ್ತ್ರಿ.